ಎಡಗಡೆಯ ರೆಕ್ಕೆ ಮತ್ತು ಒಂದು ‘ಆತ್ರಿ’

ಹೋದ ವರ್ಷ ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂದಿದ್ದ ದಿನಗಳವು. ನಾನು ರಜೆಯ ಮೇಲೆ ವಿಜಯಪುರಕ್ಕೆ ಬಂದಿದ್ದೆ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ರಜೆ ಎಂದರೂ ಮನಸ್ಸಿಗೆ ಬಿಡುವಿರಲಿಲ್ಲ. ಆ ವಾರದ ಕೊನೆಗೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ನಮ್ಮ ಕಂಪನಿಯ ಒಂದು ವಿಚಾರಣೆಗೆ ಉತ್ತರ ಕೊಡಬೇಕಿತ್ತು. ನಾನು ಏನು ಹೇಳುತ್ತೇನೋ ಅದರ ಮೇಲೆ ಮಲ್ಲು ಎಂಬ ನನ್ನ ಸಹೋದ್ಯೋಗಿಯ ನೌಕರಿ ನಿಂತಿತ್ತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿಗೆ ಹೆಸರಾದ ನಮ್ಮ ಊರಲ್ಲಿ ಅದನ್ನು ಕೇಳಿದವರು ನಗುತ್ತಾರೆ. ಉತ್ತರದ ಒಂದು ಬೆಟ್ಟದೂರಿನ ವಿಮಾನ ನಿಲ್ದಾಣದಲ್ಲಿ, ಚಳಿಗಾಲದಲ್ಲಿ ವಿಮಾನಗಳ ಮೇಲೆ ಕೂತ ಹಿಮ ತೆಗೆಯುವ ತಂಡಕ್ಕೆ ನಾನು ಮೇಲ್ವಿಚಾರಕ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಈ ಕೆಲಸಕ್ಕೆ ಹೋದೆ. ನಮ್ಮವ್ವ ನೆಂಟರಿಗೆ ಪರಿಚಯ ಮಾಡಿಕೊಡುವುದು ಹೀಗೆ: “ನಮ್ಮಾಂವ ಇಮಾನದ ಮ್ಯಾಗಿನ ಕಸಾ ಹೊಡೀತಾನ್ರಿ.”

ಕಸ ಹೊಡೆಯುವ ಕೆಲಸವೇ ಹೌದು. ಆದರೆ ಆ ಕಸದ ಗುಣ ಬೇರೆ. ರೆಕ್ಕೆಯ ಮೇಲೆ ಉಸುಕಿನ ಕಾಗದದಷ್ಟು ಒರಟಾದ ಹಿಮದ ಪದರ ಕೂತರೂ ಸಾಕು, ಅದರ ಮೇಲೆ ಗಾಳಿ ಹರಿಯುವ ರೀತಿ ಕೆಡುತ್ತದೆ. ಓಡುವಾಗ ಎಲ್ಲ ಸರಿ ಇದ್ದಂತೆ ಕಂಡು, ನೆಲ ಬಿಡುವ ಹೊತ್ತಿಗೆ ವಿಮಾನ ಮೇಲೇಳುವುದಿಲ್ಲ. ಒಂದು ರೆಕ್ಕೆ ಸ್ವಚ್ಛವಿದ್ದು ಇನ್ನೊಂದರ ಮೇಲೆ ಹಿಮ ಉಳಿದರೆ ಇನ್ನೂ ಕೆಟ್ಟದ್ದು, ವಿಮಾನ ಒಂದು ಪಕ್ಕಕ್ಕೆ ಹೊರಳಬಹುದು. ಅದಕ್ಕೇ ಹೊರಡುವ ಮುಂಚೆ, ಏಣಿಯಂತೆ ಮೇಲೇಳುವ ಬುಟ್ಟಿ ಇರುವ ಗಾಡಿಯಿಂದ ಬಿಸಿ ದ್ರಾವಣ ಹೊಡೆದು ಹಿಮ ಕರಗಿಸುತ್ತೇವೆ. ಆ ದ್ರಾವಣದ ಕಾವಲು ಸ್ವಲ್ಪ ಹೊತ್ತು ಮಾತ್ರ. ಹಿಮ ಬೀಳುತ್ತಲೇ ಇದ್ದರೆ ಮತ್ತೆ ಹೊಡೆಯಬೇಕು.

ಮಲ್ಲು ನಮ್ಮವ್ವನ ತವರೂರಾದ ಬಬಲೇಶ್ವರದವನು. ಹೆಂಡತಿ, ಎರಡು ಮಕ್ಕಳು. ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವುದರಲ್ಲಿ ಎತ್ತಿದ ಕೈ. ನಮ್ಮ ತಂಡಕ್ಕೆ ಜನ ಬೇಕಾದಾಗ ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ತರಬೇತಿ ಮುಗಿಸಿ ಅವನು ಎರಡನೆಯ ಚಳಿಗಾಲ ಕಾಣುತ್ತಿದ್ದ. ರೇಡಿಯೋದಲ್ಲಿ ಬೇರೆಯವರೊಂದಿಗೆ ಹಿಂದಿ, ನಾವಿಬ್ಬರೇ ಇದ್ದಾಗ ನಮ್ಮ ಮಾತು. ಅದು ಬೇಗ ಆಗುತ್ತದೆ ಎಂದು ನಮ್ಮ ನಂಬಿಕೆ.

ಜನವರಿಯ ಆ ಬೆಳಗ್ಗೆ ಹಿಮ ಎಡೆಬಿಡದೆ ಬೀಳುತ್ತಿತ್ತು. ನಾನು ವಿಮಾನದ ಮೂತಿಯ ಬಲಗಡೆ, ಕಾಕ್‌ಪಿಟ್ಟಿಗೆ ಸೇರಿಸಿದ ತಂತಿಯ ಹೆಡ್‌ಸೆಟ್ ಹಾಕಿಕೊಂಡು ನಿಂತಿದ್ದೆ. ನಮ್ಮ ಗಾಡಿಯನ್ನು ಓಡಿಸುವುದೂ ಬುಟ್ಟಿಯಿಂದಲೇ. ಮಲ್ಲು ಅದರಲ್ಲಿ ನಿಂತು ಬಲಗಡೆಯ ರೆಕ್ಕೆ ಮುಗಿಸಿದ. ಗಾಡಿ ಮುಂದಿನಿಂದ ಸುತ್ತಿ ಎಡಕ್ಕೆ ಹೋಯಿತು. ಆಮೇಲೆ ಹಿಮದಲ್ಲಿ ನನಗೆ ಅದು ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಹೊಡೆದೆಯಾ ಎಂದು ನಾನು ರೇಡಿಯೋದಲ್ಲಿ ಕೇಳಿದೆ: “ಮಲ್ಲು, ಎಡಗಡಿ ರೆಕ್ಕಿ ಹೊಡದಿ?”

“ಆತ್ರಿ” ಎಂದ. ಆಯಿತು ಎಂಬುದಕ್ಕೆ ನಮ್ಮ ಕಡೆಯ ಮಾತು.

ಎರಡೂ ರೆಕ್ಕೆ ಸ್ವಚ್ಛವಿವೆ ಎಂದು ನಾನು ಕ್ಯಾಪ್ಟನ್‌ಗೆ ಹೇಳಿದೆ. ಹೊಡೆದವನೇ ನೋಡಿ ಹೇಳಿದರೆ ಸಾಕು ಎಂಬುದು ಆಗ ನಮ್ಮಲ್ಲಿದ್ದ ಪದ್ಧತಿ. ತಂತಿ ಕಿತ್ತೆ, ಹೆಬ್ಬೆರಳು ತೋರಿಸಿದೆ, ವಿಮಾನ ನಿಧಾನಕ್ಕೆ ಹೊರಟಿತು. ಅಷ್ಟರಲ್ಲಿ ದ್ರಾವಣ ತುಂಬಿಸುವ ಶೆಡ್ಡಿನ ಕಡೆಯಿಂದ ಮಲ್ಲುವಿನ ಗಾಡಿ ಎಲ್ಲ ದೀಪ ಹಾಕಿಕೊಂಡು ನುಗ್ಗಿ ಬಂದು ವಿಮಾನದ ದಾರಿಯ ಮುಂದೆ ನಿಂತಿತು. ಬುಟ್ಟಿಯಲ್ಲಿ ಮಲ್ಲು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದಿದ್ದ. ನಿಲ್ಲಿಸಿ ಎಂಬ ಸನ್ನೆ ಅದು. ವಿಮಾನ ನಿಂತಿತು. ನಾನು ಆ ಕಡೆಗೆ ಓಡಿ ನೋಡಿದರೆ, ಎಡಗಡೆಯ ರೆಕ್ಕೆ ಬೆಳ್ಳಗೆ ಕಂಬಳಿ ಹೊದ್ದಂತೆ ಇತ್ತು. ಒಳಗೆ ಕಿಟಕಿಗಳ ಹಿಂದೆ ಜನರ ಮುಖಗಳು. ಒಂದು ಮಗು ಗಾಜಿಗೆ ಮೂಗು ಒತ್ತಿಕೊಂಡು ನಮ್ಮನ್ನೇ ನೋಡುತ್ತಿತ್ತು.

ಎಡಗಡೆಗೆ ಹೋದಾಗ ದ್ರಾವಣ ಮುಗಿಯುತ್ತ ಬಂದದ್ದು ಕಂಡು ಮಲ್ಲು ತುಂಬಿಸಲು ಹೋಗಿದ್ದನಂತೆ. “ಸರ ಎಡಗಡಿ ರೆಕ್ಕಿ ಹೊಡಿ ಅಂದ್ರು. ಆತ್ರಿ, ಹೊಡೀತೇನಿ ಅನ್ನೂ ಅರ್ಥದಾಗ ಅಂದ್ನಿ” ಎಂದು ಅವನು ವಾದಿಸಿದ. ಆ ಹೊತ್ತು ಅಧಿಕಾರಿಗಳು ನನ್ನನ್ನು ಹಿಂದಿಯಲ್ಲಿ ಕೇಳಿದರು: ಅವನು ಏನಂದ? ನಾನು ಅಂದೆ: “ಹೋ ಗಯಾ.” ಮುಗಿಯಿತು ಎಂದು. ಸುಳ್ಳು ವರದಿ ಕೊಟ್ಟ ಎಂಬ ಆರೋಪದ ಮೇಲೆ ಮಲ್ಲುವನ್ನು ಕೆಲಸದಿಂದ ದೂರ ಇಟ್ಟು ಊರಿಗೆ ಕಳಿಸಿದರು.

ಊರಲ್ಲಿ ನಮ್ಮವ್ವ ನನಗೆ ಉಸಿರಾಡಲು ಬಿಡಲಿಲ್ಲ.

“ಬಬಲೇಶ್ವರದಾಗ ನಾ ಹ್ಯಾಂಗ ಮಾರಿ ತೋರಸ್ಲೋ? ಮಲ್ಲೂನ ಅವ್ವ ಬಸ್‌ಸ್ಟ್ಯಾಂಡಿನ್ಯಾಗ ನನ್ನ ನೋಡಿ ಆ ಕಡೆ ತಿರುಗಿ ನಿಂತಳು.”

“ಯವ್ವಾ, ನಾ ಕೇಳಿದ್ದ ಹೇಳೇನಿ. ಖರೇನ ಹೇಳೇನಿ.”

“ಖರೇ ಹೇಳಾಂವ ಊಟಾ ಯಾಕ ಬಿಟ್ಟೀಯೋ ಮತ್ತ? ಅಂವನ ಕೂಡ ಕುಂತು ಮಾತಾಡು, ಹೋಗು.”

ಅವಳಿಗೆ ಗೊತ್ತಿರದ ಒಂದು ಸಂಗತಿ ಇತ್ತು. ನನಗೆ ನನ್ನ ನೆನಪಿನ ಮೇಲೆಯೇ ಗುಮಾನಿ ಶುರುವಾಗಿತ್ತು. ಯಾವುದನ್ನೂ ಅಳೆದು ನೋಡದೆ ನಂಬಬಾರದು ಎಂದು ಓದಿಕೊಂಡವನು ನಾನು. ಯಾರಾದರೂ ದೆವ್ವ ಕಂಡೆ ಎಂದರೆ ಬೆಳಕು ಎಷ್ಟಿತ್ತು ಎಂದು ಕೇಳುತ್ತೇನೆ. ಈಗ ಆ ‘ಆತ್ರಿ’ಯನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೆ ಎಂದರೆ, ಒಂದೊಂದು ಸಲ ಅದು ಒಂದೊಂದು ರೀತಿ ಕೇಳಿಸುತ್ತಿತ್ತು. ಬೆಳಗ್ಗೆ ನೆನೆದರೆ ಮೊಟಕಾಗಿ, ಕೆಲಸ ಮುಗಿಸಿದವನ ದನಿ. ಸಂಜೆ ನೆನೆದರೆ ಕೊನೆಗೆ ಸ್ವಲ್ಪ ಎಳೆದು, ಹೇಳಿದ್ದಕ್ಕೆ ಒಪ್ಪಿಕೊಂಡವನ ದನಿ. ಯಾವುದು ಆ ದಿನ ಕೇಳಿದ್ದು, ಯಾವುದು ಆಮೇಲೆ ನಾನು ಕಟ್ಟಿಕೊಂಡದ್ದು?

ಮರುದಿನ ಗಾಂಧಿ ಚೌಕಿನಲ್ಲಿ ಬಾಳೆಹಣ್ಣು, ಮಲ್ಲುವಿನ ಮಕ್ಕಳಿಗೆ ಪೇಢೆ ಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಮನೆಯಲ್ಲಿ ಮಲ್ಲು ಇರಲಿಲ್ಲ. ಅವನ ಹೆಂಡತಿ ಪೇಢೆಯನ್ನು ತೆಗೆದುಕೊಳ್ಳಲೂ ಇಲ್ಲ, ಬೇಡ ಎನ್ನಲೂ ಇಲ್ಲ. “ತಿಕೋಟಾದಾಗ ಅವರ ಅಕ್ಕನ ಶೆಡ್ಡಿಗೆ ಹೋಗ್ಯಾರ್ರಿ. ಮಣೂಕಿನ ಕೆಲಸ ನಡದೈತಿ” ಎಂದಷ್ಟೇ ಹೇಳಿದಳು. ಪೇಢೆಯ ಪೊಟ್ಟಣವನ್ನು ಕಟ್ಟೆಯ ಮೇಲೆ ಇಟ್ಟು ತಿಕೋಟಾಕ್ಕೆ ಹೊರಟೆ.

ಮಲ್ಲುವಿನ ಅಕ್ಕ ಮಹಾದೇವಿಯ ಮಣೂಕಿನ, ಅಂದರೆ ಒಣದ್ರಾಕ್ಷಿಯ ಶೆಡ್ಡು ಊರ ಹೊರಗೆ ತೋಟದ ಪಕ್ಕದಲ್ಲಿದೆ. ಉದ್ದಕ್ಕೆ, ಎರಡೂ ಬದಿ ಬಯಲು, ಸುತ್ತ ಹಸಿರು ಪರದೆ. ಒಳಗೆ ಬಲೆಯ ಅಟ್ಟಗಳ ಮೇಲೆ ದ್ರಾಕ್ಷಿ ಹರಡಿತ್ತು. ಬೇಗ ಒಣಗಲೆಂದು ಅವುಗಳ ಮೇಲೆ ಎಣ್ಣೆಯ ದ್ರಾವಣ ಹೊಡೆಯುತ್ತಾರೆ. ಮಲ್ಲು ಮೋಟಾರಿನ ಪೈಪು ಹಿಡಿದು ಅದನ್ನೇ ಮಾಡುತ್ತಿದ್ದ. ನನ್ನನ್ನು ಕಂಡು ಮೋಟಾರು ನಿಲ್ಲಿಸಲಿಲ್ಲ.

“ಬರ್ರಿ ಸರ. ಇಲ್ಲಿ ಬರೇ ದ್ರಾಕ್ಷಿ ಅದಾವ. ಇವು ಹಾರೂದಿಲ್ಲ, ಅಂಜಬ್ಯಾಡ್ರಿ” ಎಂದ.

“ಮಲ್ಲು, ಸಿಟ್ಟಾಗಬ್ಯಾಡ. ಕೇಳಾಕ ಬಂದೇನಿ.”

“ಏನ ಕೇಳ್ತೀರಿ? ನೀವು ಹೊಡಿ ಅಂದ್ರಿ, ನಾ ಆತ್ರಿ ಅಂದ್ನಿ.”

“ನಾ ಹೊಡದಿ? ಅಂತ ಕೇಳೇನಿ.”

“ಹೊಡಿ ಅಂದ್ರಿ.”

“ಹೊಡದಿ ಅಂದೇನಿ.”

ಕೆಲಸದ ಹೆಂಗಸರು ಕೈ ನಿಲ್ಲಿಸಿ ನೋಡತೊಡಗಿದರು. ಒಬ್ಬಳು, “ಯಾರ್ಯಾರಿಗೆ ಹೊಡದಾರಂತಬೇ?” ಎಂದು ಕೇಳಿದಳು. ಮಲ್ಲು ನಗಲಿಲ್ಲ. ಪೈಪು ಎತ್ತಿಕೊಂಡು ಶೆಡ್ಡಿನ ಇನ್ನೊಂದು ತುದಿಗೆ ಹೋದ.

ನಾನು ಒಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತೆ. ಹೊರಗೆ ಬಿಸಿಲು ಕುದಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಮಹಾದೇವಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಮೋಟಾರಿನ ಸದ್ದಿನ ನಡುವೆ ಕೂಗಿ ಏನೋ ಹೇಳಿದಳು. ಊಟ ಎಂಬುದು ಕೇಳಿಸಿತು, ರೀ ಎಂಬುದು ಕೇಳಿಸಿತು. ಊಟಕ್ಕೆ ಬರ್ರಿ ಎನ್ನುತ್ತಿದ್ದಾಳೆ ಎಂದುಕೊಂಡು ನಾನೂ ಕೂಗಿದೆ: “ಆತ್ರಿ!”

ಅವಳು ತಲೆ ಆಡಿಸಿ ಹೋದಳು. ತಟ್ಟೆ ಹಾಕಿ ಕರೆಯುತ್ತಾಳೆ ಎಂದು ಕಾಯುತ್ತ ಕೂತೆ. ಬೆಳಗ್ಗೆ ಅವ್ವನ ಮೇಲಿನ ಸಿಟ್ಟಿಗೆ ಏನೂ ತಿಂದಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಪರದೆಯ ಆಚೆ ರೊಟ್ಟಿ ಮುರಿಯುವ ಸದ್ದು, ಮಾತು, ನಗು. ಶೇಂಗಾ ಚಟ್ನಿಯ ವಾಸನೆ ನನ್ನ ತನಕ ಬಂತು. ಕರೆ ಬರಲಿಲ್ಲ. ಸಿಟ್ಟು ಇಷ್ಟರ ತನಕ ಹೋಯಿತೇ ಎಂದು ನನಗೆ ನಿಜವಾಗಿ ನೋವಾಯಿತು. ನಮ್ಮ ಕಡೆ ಬಾಗಿಲಿಗೆ ಬಂದ ವೈರಿಗೂ ಒಂದು ರೊಟ್ಟಿ ಕೊಡುತ್ತಾರೆ.

ಕೊನೆಗೆ ಮಹಾದೇವಿ ಖಾಲಿ ಬುಟ್ಟಿ ಜಾಡಿಸುತ್ತ ಈಚೆ ಬಂದಾಗ ನಾನು ಎದ್ದು ನಿಂತು, “ನಾ ಬರ್ತೇನ್ರಿ ಅಕ್ಕಾರ. ಊಟಕ್ಕ ಕರದು ಹಂಗ ಕುಂದ್ರಸಬಾರದಿತ್ತು” ಎಂದೆ.

ಅವಳು ಕಣ್ಣು ಅಗಲ ಮಾಡಿದಳು. “ಯಪ್ಪಾ! ಊಟ ಆತೇನ್ರಿ ಅಂತ ಕೇಳಿದ್ನಿ. ಆತ್ರಿ ಅಂದ್ರಿ ನೀವು! ಉಂಡ ಬಂದಾರ ಅಂತ ಎಲ್ಲಾ ರೊಟ್ಟಿ ಹಂಚಿ ಬಿಟ್ನಲ್ಲ!”

“ನಾ ಊಟಕ್ಕ ಬರ್ರಿ ಅಂದ್ರಿ ಅಂತ ತಿಳದ…”

ಹೇಳುತ್ತ ಹೇಳುತ್ತ ನನ್ನ ಮಾತು ನಿಂತಿತು. ಅವಳ ಹಿಂದೆ ಮಲ್ಲು ನಿಂತಿದ್ದ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಮೀಸೆ ಅಲುಗಿತು. ಆಮೇಲೆ ಅವನು ಅಟ್ಟದ ಕಂಬ ಹಿಡಿದು ನಗತೊಡಗಿದ.

“ಸರ,” ಎಂದ, “ಇಮಾನ ನಿಂತಿತ್ತು. ರೊಟ್ಟಿ ಹಾರಿ ಹೋದುವು ನೋಡ್ರಿ.”

ಮಹಾದೇವಿ ಬಿಸಿ ಬಿಸಿಯಾಗಿ ಕಡಲೆಹಿಟ್ಟಿನ ಜುಣಕ ಮಾಡಿ ಕೊಟ್ಟಳು. ಪಕ್ಕದ ತೋಟದಿಂದ ರೊಟ್ಟಿ ಎರವಲು ಬಂದವು. ಉಂಡು ಕೈ ತೊಳೆದ ಮೇಲೆ, ನಾನು ಮಲ್ಲುವಿಗೆ ಒಂದು ಪರೀಕ್ಷೆ ಮಾಡೋಣವೇ ಎಂದೆ. ಅವನು ಆ ತುದಿಯಲ್ಲಿ ಮೋಟಾರು ಹಚ್ಚಿ ಅದರ ಪಕ್ಕ ನಿಲ್ಲಬೇಕು. ನಾನು ಈ ತುದಿಯಿಂದ ‘ಹೊಡಿ’ ಎಂದಾದರೂ ‘ಹೊಡದಿ’ ಎಂದಾದರೂ ಕೂಗುತ್ತೇನೆ. ಹೊಡಿ ಎಂದು ಕೇಳಿದರೆ ಅವನು ಎಡಗೈ ಎತ್ತಬೇಕು, ಹೊಡದಿ ಎಂದು ಕೇಳಿದರೆ ಬಲಗೈ. ಮಹಾದೇವಿ ನನ್ನ ಪಕ್ಕದಲ್ಲಿ ತೀರ್ಪುಗಾರಳಂತೆ ನಿಂತಳು.

“ಕಲತಾಂವಗ ಹುಚ್ಚ ಹಿಡದ್ರ ಹಿಂಗ ಇರತೈತಿ ಅಂತ ಗೊತ್ತಿರಲಿಲ್ಲ ನಂಗ” ಎಂದಳು.

ಕೂಗಿದೆ. ಮಲ್ಲು ಕೈ ಎತ್ತಿದ. ಕೆಲವು ಸಲ ಸರಿ, ಕೆಲವು ಸಲ ತಪ್ಪು. ನಾವು ಜಾಗ ಬದಲಿಸಿದೆವು. ನಾನು ಅವನಿಗಿಂತ ಹೆಚ್ಚು ತಪ್ಪಿದೆ. ಹೆಂಗಸರಿಗೆ ಅದೊಂದು ಆಟವಾಯಿತು. ಮತ್ತೆ ನನ್ನ ಸರದಿ ಬಂದಾಗ ನಾನು ‘ಹೊಡದಿ’ ಎಂದು ಕೂಗಿದೆ, ಮಲ್ಲು ಎಡಗೈ ಎತ್ತಿದ. “ತಪ್ಪಾತು!” ಎಂದೆ.

“ಅಂವಂದೇನ ತಪ್ಪು?” ಎಂದಳು ಮಹಾದೇವಿ. “ನೀವು ಹೊಡಿ ಅಂದ್ರಿ.”

“ಇಲ್ರಿ, ಹೊಡದಿ ಅಂದೇನಿ.”

“ಏ, ನಾ ಬಾಜೂಕ ನಿಂತೇನಿ. ನನ್ನ ಕಿವಿ ಇನ್ನೂ ಗಟ್ಟಿ ಅದಾವ. ಅವಸರಕ್ಕ ನಡುವಿನ ಅಕ್ಷರ ನುಂಗತೀರಿ ನೀವು.”

ಹೆಂಗಸರೂ ಹೌದು ಎಂದರು. ಒಬ್ಬಳು ಮಾತ್ರ ಇಲ್ಲ, ಹೊಡದಿ ಎಂದೇ ಕೇಳಿಸಿತು ಎಂದಳು. ಹಾಗಾಗಿ ಅದೂ ಪೂರ್ತಿ ಇತ್ಯರ್ಥವಾಗಲಿಲ್ಲ. ಆದರೆ ನನ್ನ ಗುಮಾನಿ ಬೇರೆ ಕಡೆ ತಿರುಗಿತು. ಇಷ್ಟು ದಿನ ನಾನು ಮಲ್ಲುವಿನ ಮಾತನ್ನು ಹೇಗೆ ಕೇಳಿಸಿಕೊಂಡೆ ಎಂದಷ್ಟೇ ಯೋಚಿಸುತ್ತಿದ್ದೆ. ನನ್ನ ಬಾಯಿಂದ ಏನು ಹೊರಟಿತು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ನನಗೆ ನೆನಪಿದ್ದದ್ದು ನಾನು ಆಡಿದ ಮಾತಲ್ಲ, ಆಡಬೇಕೆಂದುಕೊಂಡ ಮಾತು.

ಸಂಜೆ ಮಲ್ಲು ಬಸ್‌ಸ್ಟ್ಯಾಂಡಿನ ತನಕ ಬಂದ.

“ಶುಕ್ರವಾರ ಏನ ಹೇಳ್ತೀರಿ?” ಎಂದು ಕೇಳಿದ.

“ಗೊತ್ತಿಲ್ಲ ಅಂತ ಹೇಳ್ತೇನಿ.”

“ಗೊತ್ತಿಲ್ಲ ಅಂದ್ರ ನಿಮ್ಮ ನೌಕರಿಗೆ ಏನಾರ ಆದೀತು.”

“ಆಗಬಹುದು.”

ನಾನು ಬಸ್ಸು ಹತ್ತಿದೆ. ಅವನು ಕಿಟಕಿಯಿಂದ ಕೈ ಚಾಚಿ ಒಂದು ಹಿಡಿ ಮಣೂಕು ನನ್ನ ಕಿಸೆಗೆ ಸುರಿದ.

ವಿಚಾರಣೆಯ ದಿನ ಅವ್ವ ಮಿಕ್ಸರ್ ಹಚ್ಚುವುದಿಲ್ಲ ಎಂದು ಮಾತು ಕೊಟ್ಟು ಅಡುಗೆಮನೆಯಲ್ಲಿ ಕೂತಿದ್ದಳು. ಲ್ಯಾಪ್‌ಟಾಪಿನ ಪರದೆಯ ಆಚೆ ಸುರಕ್ಷತೆಯ ವಿಭಾಗದ ಒಬ್ಬ ಹಿರಿಯ ಮಹಿಳೆ ಮತ್ತು ಇನ್ನಿಬ್ಬರು. ಮಾತು ಹಿಂದಿಯಲ್ಲಿ ನಡೆಯಿತು.

“ಎಡಗಡೆಯ ರೆಕ್ಕೆ ಮುಗಿಯಿತು ಎಂದು ಅವರು ಹೇಳಿದರೇ? ಹೌದು, ಇಲ್ಲ, ಅಷ್ಟು ಹೇಳಿ” ಎಂದರು ಆ ಮಹಿಳೆ.

“ಅವರು ಒಂದು ಶಬ್ದ ಹೇಳಿದರು. ಆತ್ರಿ. ಅದಕ್ಕೆ ಮುಗಿಯಿತು ಎಂದೂ ಅರ್ಥ, ಸರಿ, ಮಾಡುತ್ತೇನೆ ಎಂದೂ ಅರ್ಥ.”

“ಆ ದಿನ ನೀವು ‘ಹೋ ಗಯಾ’ ಅಂದಿರಿ.”

“ಅನುವಾದ ಮಾಡಿದ್ದೆ. ಮಾಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಮಾಡಿದ್ದೆ. ಎರಡು ಅರ್ಥ ಇದ್ದ ಕಡೆ ಒಂದೇ ಉಳಿಯಿತು.”

“ಅಂದರೆ ನೀವು ಕೇಳಿದ್ದು ಪ್ರಶ್ನೆ ಎಂಬುದಾದರೂ ಖಚಿತವೇ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತ್ತು. ನಮ್ಮವ್ವನಿಗೆ ಹಿಂದಿ ಬರುತ್ತದೆ.

“ಕೇಳಬೇಕೆಂದುಕೊಂಡದ್ದು ಪ್ರಶ್ನೆ. ಬಾಯಿಂದ ಹೊರಟದ್ದು ಪ್ರಶ್ನೆಯೋ ಅಪ್ಪಣೆಯೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವರು ಗಾಡಿ ಅಡ್ಡ ತಂದರು, ವಿಮಾನ ನಿಂತಿತು. ಕೆಲಸ ಮುಗಿದಿದೆ ಎಂದು ಸುಳ್ಳು ಹೇಳಿದವರು ಹಾಗೆ ಓಡಿ ಬಂದು ನಿಲ್ಲಿಸುವುದಿಲ್ಲ.”

ಆ ಮಹಿಳೆ ಅದನ್ನು ಬರೆದುಕೊಂಡು, “ಈ ಪದ್ಧತಿಯಲ್ಲಿ ಏನು ಬದಲಾಗಬೇಕು ಅನ್ನಿಸುತ್ತದೆ?” ಎಂದು ಕೇಳಿದರು. ಅದನ್ನು ಯೋಚಿಸಿಯೇ ಕೂತಿದ್ದೆ. ರೇಡಿಯೋದಲ್ಲಿ ಒಂಟಿ ಶಬ್ದದ ಉತ್ತರ ಬೇಡ, ಅದು ಯಾವ ಭಾಷೆಯದಾದರೂ ಸರಿ. ಯಾವ ಕಡೆ, ಏನು ಮಾಡಿದೆ, ಮುಗಿದಿದೆಯೋ ಇಲ್ಲವೋ, ಪೂರ್ತಿ ವಾಕ್ಯ ಬೇಕು. ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ಮತ್ತೆ, ಹೊಡೆದವನೇ ಪರೀಕ್ಷಿಸುವುದು ಸಾಲದು. ಬೇರೆಯೊಬ್ಬ ಮೇಲೆ ಹೋಗಿ ರೆಕ್ಕೆಗೆ ಕೈ ಇಟ್ಟು ನೋಡಬೇಕು. ಗಾಜಿನಂಥ ಮಂಜುಗಡ್ಡೆ ಕಣ್ಣಿಗೆ ನೀರಿನಂತೆಯೇ ಕಾಣುತ್ತದೆ, ಬೆರಳಿಗೆ ಮಾತ್ರ ಸಿಗುತ್ತದೆ. ಹಿಮ ಎಷ್ಟು ಬಿದ್ದರೆ ಯಾವ ದ್ರಾವಣ ಎಂದು ನಿಯಮಗಳು ವಿವರವಾಗಿ ಹೇಳುತ್ತವೆ. ಯಾವ ಮಾತು ಆಡಬೇಕು ಎಂಬುದನ್ನೂ ಅಷ್ಟೇ ವಿವರವಾಗಿ ಹೇಳಬೇಕು.

ಮಲ್ಲುವಿಗೆ ಕೆಲಸ ಮರಳಿ ಸಿಕ್ಕಿತು. ಚಲಿಸುವ ವಿಮಾನದ ಮುಂದೆ ಗಾಡಿ ತಂದದ್ದಕ್ಕೆ ಎಚ್ಚರಿಕೆಯನ್ನೂ ಕೊಟ್ಟರು. “ನಿಲ್ಲಿಸಿದ್ದಕ್ಕ ಬೈಸ್ಕೊಂಡ್ನಿ ಸರ. ನಿಲ್ಲಿಸದಿದ್ರ ಬೈಯಾಕ ಯಾರಿಗೂ ಬಾಯಿ ಇರ್ತಿರಲಿಲ್ಲ” ಎಂದು ಫೋನಿನಲ್ಲಿ ನಕ್ಕ. ನನಗೂ ಒಂದು ಚಳಿಗಾಲದ ಮಟ್ಟಿಗೆ ಬೇರೊಬ್ಬರ ಕೈಕೆಳಗೆ ಕೆಲಸ ಮಾಡುವಂತೆ ಆಯಿತು. ನಾನು ಕೇಳಿದ ಬದಲಾವಣೆಗಳು ನಮ್ಮ ತಂಡದಲ್ಲಿ ಜಾರಿಗೆ ಬಂದವು. ಬೇರೆ ಕಡೆ ಬಂದಿವೆಯೋ ಇಲ್ಲವೋ ತಿಳಿಯದು. ಬರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಜನ ಈಗಲೂ ಕೇಳುತ್ತಾರೆ, ಆ ದಿನ ನೀನು ನಿಜವಾಗಿ ಏನಂದೆ ಎಂದು. ನನಗೆ ಈಗಲೂ ಗೊತ್ತಿಲ್ಲ. ಮೊದಲು ಅದು ಕಾಡುತ್ತಿತ್ತು. ಈಗ ಅಷ್ಟಿಲ್ಲ. ನೆನಪನ್ನು ನಂಬಿ ನಿಲ್ಲದಂತೆ ಕೆಲಸವನ್ನು ಜೋಡಿಸಿಕೊಳ್ಳಬಹುದು ಎಂಬುದು ಒಂದು ಸಮಾಧಾನ.

ಈ ಚಳಿಗಾಲದ ಮೊದಲ ಹಿಮ ಬಿದ್ದ ದಿನ ಎಡಗಡೆಯಲ್ಲಿ ಮಲ್ಲು ಇದ್ದ. ರೇಡಿಯೋದಲ್ಲಿ ಅವನ ದನಿ ಬಂತು: “ಎಡಗಡಿ ರೆಕ್ಕಿ ಪೂರಾ ಹೊಡದು ಮುಗಿಸೇನಿ. ಕೈ ಇಟ್ಟು ನೋಡಾಕ ಬರ್ರಿ.” ನಾನು ಅದನ್ನೇ ತಿರುಗಿ ಹೇಳಿ ಬುಟ್ಟಿ ಹತ್ತಿದೆ. ಕೈಗವಸು ತೆಗೆದು ರೆಕ್ಕೆಯ ಮೇಲೆ ಬೆರಳು ಆಡಿಸಿದೆ. ಒದ್ದೆ, ನುಣುಪು, ಬೇರೇನೂ ಇಲ್ಲ. ವಿಮಾನ ಹೊರಟಿತು, ಓಡಿತು, ಎದ್ದಿತು, ಮೋಡದಲ್ಲಿ ಮರೆಯಾಯಿತು. ನಾವು ಕತ್ತೆತ್ತಿ ನೋಡುತ್ತ ನಿಂತಿದ್ದೆವು.

ರೇಡಿಯೋ ಗೊರಗೊರ ಎಂದಿತು. “ಸರ, ಈಗ ಅನ್ಲೇನ್ರಿ?”

“ಅನ್ನಪಾ.”

“ಆತ್ರಿ.”

ಆ ಸಲ ಅದು ಏನು ಹೇಳಿತೆಂದು ನನಗೆ ಚೆನ್ನಾಗಿ ಗೊತ್ತು.